ಇನ್ನೂ ಕಟ್ಟದ ಹತ್ತಿಯ ಹೆಸರು

ನನ್ನ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತದೆ ಎಂದು ನಮ್ಮ ಮನೆಯವರಿಂದ ಹಿಡಿದು ಆಫೀಸಿನ ಕೆಳಗೆ ಒಗ್ಗರಣಿ-ಮಿರ್ಚಿ ಮಾರುವವನವರೆಗೆ ಎಲ್ಲರೂ ಹೇಳುತ್ತಾರೆ. ಹೇಳಲಿ, ಅವರ ಬಾಯಿಗೆ ನಾನೇನು ಬೀಗ ಹಾಕಲೇ? ಆದರೆ ಹೇಳುವವರು ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ಫೋನು ಎತ್ತಿ ನೋಡಲಿ. "ಹತ್ತಿ ಏನೈತಿ?" ಎಂದು ಆ ಕಡೆಯಿಂದ ಕೇಳುತ್ತಾರೆ. "ಯಾವ ತಿಂಗಳದ್ರೀ?" ಎಂದರೆ, "ಹತ್ತೀದು ಬೇ, ಹತ್ತೀದು!" ಎನ್ನುತ್ತಾರೆ. ಇಂಥವರ ಜೊತೆ ದಿನವಿಡೀ ಏಗುವವಳಿಗೆ ಸಿಟ್ಟು ಮೂಗಿನ ಮೇಲಲ್ಲದೆ ಮತ್ತೆಲ್ಲಿರಬೇಕು?

ಸಿಂಧನೂರಿನಲ್ಲಿ ನಮ್ಮ ಆಫೀಸು ಒಂದು ಗೊಬ್ಬರದಂಗಡಿಯ ಮಾಳಿಗೆಯ ಮೇಲಿದೆ. ಕಿಟಕಿ ತೆರೆದರೆ ಅಕ್ಕಿ ಗಿರಣಿಗಳ ಕಡೆಯಿಂದ ಭತ್ತ ಬೇಯಿಸಿದ ವಾಸನೆ, ಮುಚ್ಚಿದರೆ ಸೆಕೆ. ಎರಡು ಕಂಪ್ಯೂಟರು, ಒಂದು ಫ್ಯಾನು, ಒಂದು ಗೋಡೆ ಕ್ಯಾಲೆಂಡರು, ನಾನು. ಇದನ್ನು ನಡೆಸುವ ಸಾವಕಾರರು ಬೆಳಿಗ್ಗೆ ಬಂದು ಊದುಬತ್ತಿ ಹಚ್ಚಿ ಹೋದರೆ ಮತ್ತೆ ಮುಖ ತೋರಿಸುವುದು ಸಂಜೆಗೇ. ಇಲ್ಲಿ ನಡೆಯುವುದು ವಾಯಿದೆ ವ್ಯಾಪಾರ. ಅಂದರೆ ಮುಂದಿನ ಯಾವುದೋ ತಿಂಗಳಿಗೆ ಕೊಡಬೇಕಾದ ಮಾಲಿಗೆ ಇವತ್ತೇ ದರ ಕಟ್ಟಿಡುವುದು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನವರು ರೈತರಿಂದ ಹತ್ತಿ ಕೊಂಡ ದಿನವೇ ಅಷ್ಟು ಹತ್ತಿಯನ್ನು ಇಲ್ಲಿ ಮುಂದಿನ ತಿಂಗಳಿಗೆ ಮಾರಿಟ್ಟರೆ, ನಡುವೆ ದರ ಬಿದ್ದರೂ ಅವರಿಗೆ ನಿದ್ದೆ ಬರುತ್ತದೆ.

ಹಟ್ಟಿ ಗಣಿಯಲ್ಲಿ ಶಿಫ್ಟಿನ ಕೆಲಸ ಮಾಡಿ ನನ್ನನ್ನು ಬಿ.ಕಾಂ. ಓದಿಸಿದವರು ನಮ್ಮಪ್ಪ. ಒಮ್ಮೆ ಆಫೀಸಿಗೆ ಬಂದಾಗ ಅವರಿಗೆ ಪರದೆಯ ಮೇಲೆ ಬಂಗಾರದ ಮುಂದಿನ ಏಪ್ರಿಲ್ ದರ ತೋರಿಸಿದೆ. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಅಲ್ಲಬೇ, ನಾವಿನ್ನೂ ನೆಲದಾಗಿಂದ ತಗದ ಇಲ್ಲ, ಇವರು ಮಾರೇ ಬಿಟ್ಟಾರ?"

ಆಮೇಲೆ ಚಹಾ ಬರುವತನಕ ಆ ದರವನ್ನೇ ನೋಡುತ್ತ ಕೂತರು.

ಪ್ರತಿಯೊಂದು ವಾಯಿದೆಗೂ ಸಾಫ್ಟ್‌ವೇರಿನಲ್ಲಿ ಒಂದು ಹೆಸರಿರುತ್ತದೆ, ಅದಕ್ಕೆ ಸಿಂಬಲ್ ಎನ್ನುತ್ತೇವೆ. ಮೊದಲು ಮಾಲಿನ ಹೆಸರು, ಅದಕ್ಕೆ ಅಂಟಿಕೊಂಡು ಇಸವಿಯ ಕೊನೆಯ ಎರಡು ಅಂಕಿ, ಅದಕ್ಕೆ ಅಂಟಿ ತಿಂಗಳ ಮೂರು ಅಕ್ಷರ, ಬಾಲಕ್ಕೆ ಎಫ್-ಯು-ಟಿ. COTTON25JANFUT ಎಂದರೆ ಇಪ್ಪತ್ತೈದನೆಯ ಇಸವಿಯ ಜನವರಿಗೆ ಕೊಡುವ ಹತ್ತಿ. ಎಲ್ಲೂ ಜಾಗ ಬಿಡುವಂತಿಲ್ಲ, ಹಿಂದುಮುಂದು ಮಾಡುವಂತಿಲ್ಲ. ಒಂದು ಚೂರು ಆಚೀಚೆಯಾದರೂ 'ಸಿಂಬಲ್ ಸಿಗಲಿಲ್ಲ' ಎಂಬ ಕೆಂಪು ಪಟ್ಟಿ ಬರುತ್ತದೆ. ಸಾವಿರ ಸಲ ಬೇಡಿಕೊಂಡರೂ ಅಷ್ಟೇ. ನಮ್ಮ ಗಿರಾಕಿಗಳಲ್ಲಿ ಇದನ್ನು ತಾವೇ ಬರೆದವರು ಒಬ್ಬರೂ ಇರಲಿಲ್ಲ. ಫೋನು ಮಾಡಿ ಅಧಿಕಾರ ಚಲಾಯಿಸುತ್ತಿದ್ದರು, ನಾನು ಬರೆಯುತ್ತಿದ್ದೆ. ಇಷ್ಟು ವರ್ಷ ಹೀಗೇ ನಡೆದಿತ್ತು.

ಆ ವರ್ಷ ದೀಪಾವಳಿ ಪಾಡ್ಯ ಕಳೆದ ಮೇಲೆ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಒಬ್ಬ ಹೆಣ್ಣುಮಗಳು ಬಂದರು. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ಮಸ್ಕಿಯಿಂದ ಬಸ್ಸಿಗೆ ಬಂದಿದ್ದರು. ಹೇಳಿದಾಗ ಗೊತ್ತಾಯಿತು, ಮಸ್ಕಿಯ ಹೊರಗೆ ಲಿಂಗಸುಗೂರು ರಸ್ತೆಯ ಮೇಲಿರುವ ಜಿನ್ನಿನ ಯಜಮಾನರ ಹೆಂಡತಿ. ಆ ಯಜಮಾನರು ನಮ್ಮ ಹಳೆಯ ಗಿರಾಕಿ. ಮಳೆಗಾಲದಲ್ಲಿ ಎದೆನೋವು ಬಂದು ತೀರಿಹೋಗಿದ್ದರು. ನಾನು ಫ್ಯಾನಿನ ವೇಗ ಹೆಚ್ಚಿಸಿದೆ.

"ಊಟ ಆತೇನು ತಂಗಿ?" ಎಂದು ಕೇಳಿದರು.

ಆ ಆಫೀಸಿನಲ್ಲಿ ಅಲ್ಲಿಯತನಕ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಅದಕ್ಕೇ ಇರಬೇಕು, ಅವರನ್ನು ನಾನು ಅಂದಿನಿಂದಲೇ ಅಕ್ಕಾರ ಎಂದು ಕರೆದೆ.

"ನನಗ ಇದನ್ನ ಬರೆಯೂದು ಕಲಸು," ಎಂದು ಅಕ್ಕಾರು ಪರದೆಯ ಕಡೆ ಬೆರಳು ಮಾಡಿದರು.

"ಯಾಕ್ರಿ ಅಕ್ಕಾರ? ಫೋನ್ ಮಾಡ್ರಿ, ನಾ ಬರೀತೀನಿ. ಎಲ್ಲಾರೂ ಹಂಗ ಮಾಡ್ತಾರ."

"ಎಲ್ಲಾರಿಗೂ ನಡೀತದ. ನನಗ ನಡಿಯಂಗಿಲ್ಲ."

ಸಂಗತಿ ಇದು. ಗಂಡ ಹೋದ ಮೇಲೆ ಜಿನ್ ಏನು ಮಾಡುವುದೆಂದು ಮನೆಯಲ್ಲಿ ಮಾತು ಎದ್ದಿತ್ತು. ಲಿಂಗಸುಗೂರಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿರುವ ಮೈದುನ ಅದನ್ನು ಲೀಜಿಗೆ ಕೊಡೋಣವೆಂದು ಹಟ ಹಿಡಿದಿದ್ದ, ಪಾರ್ಟಿಯನ್ನೂ ಹುಡುಕಿದ್ದ. ಅಕ್ಕಾರು ತಾವೇ ನಡೆಸುತ್ತೇನೆಂದರು. ಹತ್ತಿ ಮುಟ್ಟಿ ತೇವ ಹೇಳುವುದು, ರೈತರ ಜೊತೆ ದರ ಮಾಡುವುದು, ಕೆಲಸಗಾರರನ್ನು ಹಿಡಿದಿಡುವುದು, ಇದೆಲ್ಲ ಅವರಿಗೆ ಹೊಸತಲ್ಲ. ಗಂಡ ಸಿಂಧನೂರು, ರಾಯಚೂರು ಎಂದು ತಿರುಗುತ್ತಿದ್ದಾಗ ಜಿನ್ ನೋಡಿಕೊಂಡವರು ಅವರೇ. ಅದಕ್ಕೆ ಮೈದುನ ಅಂದನಂತೆ, "ಹತ್ತಿ ನೋಡೂದು ಯಾರರೇ ನೋಡ್ತಾರ ಅತ್ತಿಗಿ. ವಾಯಿದೆ ಯಾರು ನೋಡಬೇಕು? ಆ ಸ್ಕ್ರೀನ್ ಮ್ಯಾಲಿಂದು ಒಂದಕ್ಷರ ನಿಮಗ ಓದಾಕ ಬರ್ತದೇನು?" ಅಕ್ಕಾರು ಓದಿದ್ದು ಕನ್ನಡ ಶಾಲೆಯ ಏಳನೆಯ ಇಯತ್ತೆ. ಕಡೆಗೆ ಮಾವನವರು, ಆ ಮನೆಯ ಹಿರಿಯರು, ಒಂದು ಕರಾರು ಇಟ್ಟರು. ಸಂಕ್ರಾಂತಿತನಕ ನೀನೇ ನಡೆಸು. ಸಂಕ್ರಾಂತಿ ಕಳೆದ ಸೋಮವಾರ ನನ್ನ ಮುಂದೆ ಕೂತು, ಯಾರೂ ಹೇಳಿಕೊಡದಂತೆ ಒಂದು ಸೌದಾ ಮಾಡಿ ತೋರಿಸು. ಬಂದರೆ ಜಿನ್ನಿನ ಕೀಲಿ ನಿನ್ನದು, ಬರದಿದ್ದರೆ ಲೀಜಿಗೆ.

ನನಗೆ ಮೈ ಉರಿಯಿತು. ಯಾಕೆಂದರೆ ಆ ಮೈದುನನನ್ನು ನಾನು ಬಲ್ಲೆ. ಅಣ್ಣ ಊರಲ್ಲಿಲ್ಲದಾಗ ಅವನೇ ಫೋನು ಮಾಡುತ್ತಿದ್ದ. ಅವನೂ ಒಂದು ದಿನ ಒಂದು ಸಿಂಬಲ್ ಬರೆದವನಲ್ಲ. 'ಹತ್ತೀದು ಬೇ' ಗುಂಪಿನವನೇ.

"ಕುಂದ್ರಿ ಇಲ್ಲೆ," ಎಂದು ಎರಡನೆಯ ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದೆ. "ಕಲೀದ ಹೆಂಗ ಹೋಗ್ತೀರಿ ನೋಡ್ತೀನಿ."

ಮೊದಲ ಕೆಲವು ದಿನ ನಾನು ಅವರಿಗೆ ಬೈಯದೆ ಕಳಿಸಲೇ ಇಲ್ಲ. ಅವರು ಸಿಂಬಲ್ಲನ್ನು ಅಂಗಳದ ರಂಗೋಲಿಯಂತೆ ಇಡಿಯಾಗಿ ಕಣ್ಣಿನಲ್ಲಿ ಹಿಡಿದಿಟ್ಟುಕೊಳ್ಳಲು ನೋಡುತ್ತಿದ್ದರು. ಇವತ್ತು ಹಿಡಿದದ್ದು ನಾಳೆಗೆ ಚದುರಿ ಹೋಗುತ್ತಿತ್ತು. ಮಾರ್ಚಿನ ಮೂರಕ್ಷರ, ಮೇ ತಿಂಗಳ ಮೂರಕ್ಷರ ಎರಡೂ ಒಂದೇ ಥರ ಶುರುವಾಗುತ್ತವೆ. ಒಂದನ್ನು ಬರೆಯಲು ಹೋಗಿ ಇನ್ನೊಂದು ಬರೆಯುತ್ತಿದ್ದರು. ಮೇಲಾಗಿ ಹತ್ತಿಗೆ ಎಲ್ಲ ತಿಂಗಳ ವಾಯಿದೆ ಇಲ್ಲ, ಒಂದು ತಿಂಗಳು ಬಿಟ್ಟು ಒಂದು. ಫೆಬ್ರವರಿ ಹಾಕಿ 'ಸಿಗಲಿಲ್ಲ' ಬಂದಾಗ, "ಫೆಬ್ರವರಿಯಾಗ ಹತ್ತಿ ಇರಂಗಿಲ್ಲೇನು? ನಮ್ಮ ಜಿನ್ನಿಗೆ ಬಂದು ನೋಡು ಅನ್ನು ಇದಕ್ಕ," ಎಂದು ಕಂಪ್ಯೂಟರಿನ ಮೇಲೇ ರೇಗಿದರು. ಅದೊಂದು ನನಗೆ ಇಷ್ಟವಾಯಿತು. ನನ್ನ ಮೇಲಲ್ಲ, ಅದರ ಮೇಲೆ ರೇಗಿದರು.

"ಅಕ್ಕಾರ, ನನ್ನ ತಲಿ ಕೆಟ್ಟು ಮಸರು ಗಡಗಿ ಆಗೇತಿ," ಎಂದು ನಾನು ಒಮ್ಮೆ ಹಣೆ ಹಿಡಿದು ಕೂತೆ. ಅವರು ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮುಂದಿಟ್ಟರು. "ತಿನ್ನು. ಹಸದ ಹೊಟ್ಟಿಗೆ ಸಿಟ್ಟು ಭಾಳ," ಅಂದರು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇಸವಿ. ಆಗ ನವೆಂಬರ್ ನಡೆದಿತ್ತು. ಜನವರಿ ಹತ್ತಿ ಹಾಕಿರಿ ಎಂದರೆ ಅಕ್ಕಾರು ತಪ್ಪದೆ ಇಪ್ಪತ್ನಾಲ್ಕು ಬರೆಯುತ್ತಿದ್ದರು. ಕೆಂಪು ಪಟ್ಟಿ. ಇಪ್ಪತ್ತೈದು ರೀ ಎಂದು ಅಳಿಸಿ ಬರೆಸುತ್ತಿದ್ದೆ. ಮರುದಿನ ಮತ್ತೆ ಇಪ್ಪತ್ನಾಲ್ಕು. ಮರೆವು ಅಂದುಕೊಂಡೆ. ಆಮೇಲೆ ಬೇಕಂತಲೇ ಮಾಡುತ್ತಿದ್ದಾರೆ ಅನ್ನಿಸಿತು.

"ಜನವರಿ ಹುಟ್ಟಿದ್ರ ಇಸ್ವಿ ಬದಲಾಗ್ತದ ಅನ್ನೂದು ಸಣ್ಣ ಕೂಸಿಗೂ ಗೊತ್ತೈತಿ ಅಕ್ಕಾರ!" ಎಂದು ದನಿ ಎತ್ತಿಯೇ ಬಿಟ್ಟೆ.

ಅಕ್ಕಾರೂ ದನಿ ಎತ್ತಿದರು. "ನಿಮ್ಮ ಇಸ್ವಿ ಬದಲಾಗ್ತದ. ಹತ್ತೀದು ಹೆಂಗ ಬದಲಾಗ್ತದ? ದೀಪಾವಳಿ ಪಾಡ್ಯಕ್ಕ ಪೂಜಿ ಮಾಡಿ ಮಿಷನ್ ಚಾಲೂ ಮಾಡೀವಿ. ಅವತ್ತಿಂದ ಬಂದ ಹತ್ತಿ ಎಲ್ಲಾ ಇಪ್ಪತ್ನಾಕರ ಹಂಗಾಮು. ಉಗಾದಿ ಆದ ಮ್ಯಾಲೆ ಬೇಲ್ ಕಟ್ಟಿದ್ರೂ ಅದರ ಮ್ಯಾಲೆ ಹೊಡಿಯೂದು ಇಪ್ಪತ್ನಾಕ. ಇಲ್ಲಂದ್ರ ಯಾವ ಹೊಲದ ಯಾವ ವರ್ಷದ ಹತ್ತಿ ಅಂತ ಗೊತ್ತಾಗೂದು ಹೆಂಗ?"

ಆಗ ನನಗೆ ತಿಳಿಯಿತು. ಜಿನ್ನಿನಲ್ಲಿ ಅರಳೆಯನ್ನು ಒತ್ತಿ ಕಟ್ಟಿದ ಪ್ರತಿ ಬೇಲ್ ಮೇಲೂ ತಗಡಿನ ಅಚ್ಚು ಇಟ್ಟು ಮಸಿ ಬಳಿದು ಗುರುತು ಹಾಕುತ್ತಾರೆ. ಅದಕ್ಕೆ ಅವರು ಮಾರ್ಕಾ ಎನ್ನುತ್ತಾರೆ. ಮೊದಲು ಜಿನ್ನಿನ ಗುರುತು, ಆಮೇಲೆ ಹತ್ತಿಯ ಜಾತಿ, ಹಂಗಾಮಿನ ವರ್ಷ, ಲಾಟು, ನಂಬರು. ಅಕ್ಕಾರು ವರ್ಷಗಟ್ಟಲೆ ಆ ಅಚ್ಚು ಹಿಡಿದು ನಿಂತವರು. ಅವರ ಕೈಗೆ ವರ್ಷ ಬದಲಾಗುವುದು ದೀಪಾವಳಿಗೇ.

"ಅಕ್ಕಾರ, ಇದೂ ಮಾರ್ಕಾನ ರೀ," ಅಂದೆ. "ಆದ್ರ ಇದು ಹತ್ತಿ ಬೆಳದ ವರ್ಷ ಅಲ್ಲ. ಕೊಡೂ ವರ್ಷ. ಕೊಡೂ ದಿನ ಯಾವ ಕ್ಯಾಲೆಂಡರಿನಾಗ ಬೀಳ್ತದ ಅದು."

ಅವರು ಪರದೆಯನ್ನೇ ನೋಡುತ್ತ ಕೂತರು. ಬೆರಳಿನಿಂದ ಗಾಜಿನ ಮೇಲೆ ಒಂದೊಂದೇ ತುಂಡನ್ನು ಮುಚ್ಚಿದರು, ತೆಗೆದರು. ಮಾಲು. ವರ್ಷ. ತಿಂಗಳು. ಬಾಲ.

"ಅಂದ್ರ ಕಟ್ಟಲಾರದ ಬೇಲ್‌ಗೆ ಮಾರ್ಕಾ ಹೊಡದಂಗ."

"ಹೌದ್ರಿ."

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸ್ಯಾರ ನೋಡು ಮಂದಿ!" ಎಂದು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಗಂಡ ತೀರಿಕೊಂಡ ಮೇಲೆ ಹೀಗೆ ನಕ್ಕಿದ್ದು ಮೊದಲು ಎಂದು ಆಮೇಲೆ ಹೇಳಿದರು. ನಾನೂ ನಕ್ಕೆ. ಕೆಳಗಿನಿಂದ ಚಹಾ ತಂದವನು ಇಬ್ಬರನ್ನೂ ನೋಡಿ ಗಾಬರಿಯಾಗಿ ಲೋಟ ಇಟ್ಟು ಹೋದ.

ಆವತ್ತಿನಿಂದ ಅವರ ಕೈ ಓಡಿತು. ರಂಗೋಲಿಯಾಗಿ ನೋಡುವುದನ್ನು ಬಿಟ್ಟು ತುಂಡು ತುಂಡಾಗಿ ನೋಡಿದರು. ಮಾಲು ಯಾವುದು, ಕೊಡುವುದು ಯಾವ ವರ್ಷ, ಯಾವ ತಿಂಗಳು ಎಂದು ಬಾಯಲ್ಲಿ ಅಂದುಕೊಳ್ಳುತ್ತ ಒತ್ತುತ್ತಿದ್ದರು. ಜಿನ್ನಿನ ಆಫೀಸಿಗೆ ಒಂದು ಲ್ಯಾಪ್‌ಟಾಪ್ ತರಿಸಿ ನಮ್ಮ ಸಾಫ್ಟ್‌ವೇರ್ ಹಾಕಿಸಿಕೊಂಡರು. ನಾನು ಫೋನಿನಲ್ಲಿ ಕೇಳುತ್ತಿರುವಾಗಲೇ ಜನವರಿಯದೊಂದು ಸೌದಾ ತಾವೇ ಮಾಡಿ, ಫೋನು ಇಡುವ ಮೊದಲು, "ಇಪ್ಪತ್ತೈದ ಹೊಡದೀನಿ ನೋಡು ತಂಗಿ," ಅಂದರು. ಭೋಗಿ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಭರ್ತ ಕಟ್ಟಿಕೊಂಡು ಸಿಂಧನೂರಿಗೆ ಬಂದರು. "ಸೋಮವಾರಕ್ಕ ನನಗ ಅಂಜಿಕಿ ಇಲ್ಲ," ಅಂದರು. ನನಗೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಕಂಪ್ಯೂಟರು ತೆರೆದೆ. ಶನಿವಾರ, ಭಾನುವಾರದ ಬಿಡುವಿನಲ್ಲಿ ಕಂಪನಿಯವರು ಸಾಫ್ಟ್‌ವೇರ್ ಬದಲಿಸಿದ್ದರು. ಗಿರಾಕಿಗಳು ದರ ನೋಡಲು ಹಾಕಿಟ್ಟ ಪಟ್ಟಿಗಳೆಲ್ಲ ಖಾಲಿ. ಸಿಂಬಲ್ ಬರೆಯುವ ರೀತಿಯೇ ಬೇರೆಯಾಗಿತ್ತು. ಮಾಲಿನ ಹೆಸರಾದ ಮೇಲೆ ಈಗ ಜಾಗ ಬಿಡಬೇಕು, ಮೊದಲು ತಿಂಗಳು, ಆಮೇಲೆ ವರ್ಷ, ಬಾಲವೇ ಇಲ್ಲ. ಯಾರನ್ನು ಕೇಳಿ ಮಾಡಿದರೋ! ಅವರ ಮನೆ ಹಾಳಾಗ ಎಂದು ಬಾಯಿ ತುಂಬ ಬೈದೆ.

ಅಕ್ಕಾರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಸೋಮವಾರ, ಪೂಜೆಯಲ್ಲಿರಬೇಕು. ಮತ್ತೆ ಮಾಡಿದೆ, ಮತ್ತೂ ಮಾಡಿದೆ. ಸಾವಕಾರರು ಊದುಬತ್ತಿ ಹಚ್ಚುತ್ತಿದ್ದರು.

"ಸಾವಕಾರ್ರ, ನಾ ಮಸ್ಕಿಗೆ ಹೋಗಿ ಬರ್ತೀನಿ. ಫೋನ್ ನೀವು ನೋಡ್ಕೋರಿ."

"ನಾನೇನವ್ವ? ನನಗೇನು ತಿಳೀತದ?"

"ಹತ್ತಿ ಏನೈತಿ ಅಂತಾರ. ಯಾವ ತಿಂಗಳದ್ದು ಅಂತ ಕೇಳ್ರಿ. ಅಷ್ಟ ಕೆಲಸ," ಎಂದು ಮೆಟ್ಟಿಲಿಳಿದೆ. ಅರ್ಧ ದಿನ ಆ ಸುಖ ಅವರೂ ಉಣ್ಣಲಿ.

ಲಿಂಗಸುಗೂರು ಬಸ್ಸು ತುಂಬಿ ತುಳುಕುತ್ತಿತ್ತು. ಕಾಲುವೆ ನೀರಿನ ಗದ್ದೆಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದರು. ಮುಂದೆ ಹೋದಂತೆ ಕಪ್ಪು ನೆಲ ಬಂತು, ರಸ್ತೆಯ ಬದಿಯ ಜಾಲಿಗಳ ಮುಳ್ಳಿಗೆ ಹತ್ತಿ ಗಾಡಿಗಳಿಂದ ಹಾರಿದ ಎಳೆಗಳು ಸಿಕ್ಕಿಕೊಂಡಿದ್ದವು. ದಾರಿಯುದ್ದಕ್ಕೂ ಫೋನು ಮಾಡಿದೆ. ಯಾರೂ ಎತ್ತಲಿಲ್ಲ.

ಜಿನ್ನಿನ ಕಂಪೌಂಡಿನೊಳಗೇ ಅವರ ಮನೆ. ನಾನು ಮೊದಲ ಸಲ ಹೋಗಿದ್ದು. ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೇ ನಿಂತೆ. ನಮ್ಮ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಬೆಳೆದವಳು ನಾನು. ನನಗಿಂತ ಹಿಂದಿನವರು ಇಂಥ ಮನೆಗಳ ಕಟ್ಟೆ ದಾಟಿದವರಲ್ಲ. ಕಾಲು ತಾನಾಗಿ ಅಲ್ಲಿ ನಿಲ್ಲುತ್ತದೆ, ಏನು ಮಾಡಲಿ.

ಪಡಸಾಲೆಯಲ್ಲಿ ಆಗಲೇ ಕೂತಿದ್ದರು. ಮಾವನವರು ಮಂಚದ ಮೇಲೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಕೋಲು. ಮೈದುನ ಕುರ್ಚಿಯಲ್ಲಿ, ಕೈಯಲ್ಲಿ ಫೋನು. ಚಾಪೆಯ ಮೇಲೆ ಅಕ್ಕಾರು, ಸಣ್ಣ ಮಣೆಯ ಮೇಲೆ ಲ್ಯಾಪ್‌ಟಾಪ್.

"ಅಲ್ಯಾಕ ನಿಂತಿ? ಒಳಗ ಬಾ," ಎಂದರು ಅಕ್ಕಾರು, ತಿರುಗಿ ನೋಡಿ. ಅವರ ಮುಖ ಅರಳಿತು. ಹೋಗಿ ಚಾಪೆಯ ತುದಿಗೆ ಕೂತೆ.

"ಅಕ್ಕಾರ, ಇವತ್ತು..." ಎಂದು ಶುರುಮಾಡಿದೆ.

ಮುದುಕರ ಕೋಲು ನೆಲಕ್ಕೆ ಬಡಿಯಿತು. "ನೀ ಆಫೀಸಿನಾಕಿ ಅಲ್ಲೇನವ್ವ? ಬಂದಿದ್ದು ಒಳ್ಳೇದಾತು. ಕುಂದ್ರು, ನೀರು ಕುಡಿ. ಆದ್ರ ಮಾತಾಡಬ್ಯಾಡ. ಯಾರೂ ಹೇಳಿಕೊಡಬಾರದು ಅಂತ ಮಾತಾಗೇತಿ."

"ಹೇಳಿಕೊಡಾಕಲ್ರಿ ಅಜ್ಜಾರ, ಆ ಸಾಫ್ಟ್‌ವೇರ್..."

"ಅಂದೆನಲ್ಲ, ಬ್ಯಾಡ."

ಜೀವಮಾನದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಬಹಳ ಮಂದಿಯಿಲ್ಲ. ಆವತ್ತು ಮುಚ್ಚಿದೆ. ತೆರೆದರೆ ಅಕ್ಕಾರ ಗೆಲುವನ್ನು ಯಾರೂ ಗೆಲುವೆನ್ನುತ್ತಿರಲಿಲ್ಲ. ನೀರಿನ ತಂಬಿಗೆ ಹಿಡಿದುಕೊಂಡು ಕೂತೆ.

"ಮಾರ್ಚ್ ತಿಂಗಳದು ತಗಿ," ಎಂದರು ಮಾವ. "ಒಂದು ಲಾಟು ಮಾರು."

ಅಕ್ಕಾರು ಸೆರಗು ಸರಿಮಾಡಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ಮಾಲು, ವರ್ಷ, ತಿಂಗಳು, ಬಾಲ. ಒಂದು ತಪ್ಪಿಲ್ಲ. ಕೆಂಪು ಪಟ್ಟಿ ಬಂತು.

ಅವರು ಹುಬ್ಬು ಗಂಟಿಕ್ಕಿ ಮತ್ತೆ ಬರೆದರು. ಮತ್ತೆ ಕೆಂಪು. ಮೂರನೆಯ ಸಲ ಕೈ ತಪ್ಪಿ ಇಪ್ಪತ್ನಾಲ್ಕಕ್ಕೆ ಹೋಯಿತು, ತಾವೇ ನೋಡಿಕೊಂಡು ಅಳಿಸಿದರು. ಕುತ್ತಿಗೆಯ ಹತ್ತಿರ ಬೆವರು ಇಳಿಯುತ್ತಿತ್ತು. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನನ್ನ ಕಣ್ಣಲ್ಲಿ ನೀರು ತುಂಬಿದ್ದು ಅವರಿಗೆ ಕಾಣಬಾರದಿತ್ತು.

"ಏನಾತು?" ಎಂದರು ಮಾವ.

"ಬರವಲ್ದು ಮಾವಾರ. ಶುಕ್ರವಾರತನ ಬರ್ತಿತ್ತು."

ಮೈದುನ ನಿಟ್ಟುಸಿರುಬಿಟ್ಟ. "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಅಪ್ಪಾ, ಲೀಜಿನವರು ಲಿಂಗಸುಗೂರಾಗ ಕಾಯಾಕತ್ತಾರ. ನಾ ಏನಂತ ಹೇಳ್ಲಿ?"

ನೆಲ ನಿಜಕ್ಕೂ ಡೊಂಕಾಗಿತ್ತು! ಅದನ್ನು ಬಲ್ಲವಳು ಆ ಪಡಸಾಲೆಯಲ್ಲಿ ನಾನೊಬ್ಬಳೇ. ನಾಲಿಗೆ ಕಚ್ಚಿಕೊಂಡು ಕೂತೆ.

"ಒಂದೀಟು ತಡೀರಿ," ಎಂದು ಅಕ್ಕಾರು ಎದ್ದು ಕಿಟಕಿಗೆ ಹೋದರು. ಹೊರಗೆ ಅಂಗಳದಲ್ಲಿ ಬೇಲ್‌ಗಳು ಒಂದರ ಮೇಲೊಂದು ಇದ್ದವು. ಇವರದು ಒಂದು ಕಡೆ. ಇನ್ನೊಂದು ಕಡೆ, ಲಾರಿ ಕೆಟ್ಟು ನಿಂತದ್ದಕ್ಕೆ ಇಳಿಸಿಟ್ಟ ಬೇರೆ ಯಾವುದೋ ಜಿನ್ನಿನವು. ಅವುಗಳ ಮಾರ್ಕಾದಲ್ಲಿ ಎಲ್ಲ ಹಿಂದುಮುಂದು, ನಂಬರು ಮೇಲೆ, ಹಂಗಾಮು ಕೆಳಗೆ. ಅಕ್ಕಾರು ಅವನ್ನು ನೋಡುತ್ತ ನಿಂತರು. ಆಮೇಲೆ ಬಂದು ಕೂತು, ತಮಗೆ ತಾವೇ ಮಾತಾಡಿಕೊಂಡರು.

"ಬ್ಯಾರೆಯವರ ಬೇಲ್ ಹುಡುಕೂಮುಂದ ನಂಬರ್ ನೋಡಂಗಿಲ್ಲ. ಮೊದಲ ಯಾರದು ಅಂತ ನೋಡ್ತೀವಿ. ಉಳಿದದ್ದು ಆಮ್ಯಾಲ."

ಬರೆದಿದ್ದನ್ನೆಲ್ಲ ಅಳಿಸಿದರು. ಮಾಲಿನ ಹೆಸರಿನ ಆರು ಅಕ್ಷರ ಅಷ್ಟನ್ನೇ ಒತ್ತಿ ಕೈ ತೆಗೆದರು.

ಪರದೆಯ ಮೇಲೆ ಸಾಲುಗಳು ಇಳಿದವು. ಹತ್ತಿಯ ಎಲ್ಲ ವಾಯಿದೆಗಳೂ ಹೊಸ ವೇಷದಲ್ಲಿ ಒಂದರ ಕೆಳಗೊಂದು ನಿಂತವು. ಅಕ್ಕಾರು ಬಾಗಿ, ಬೆರಳಿಟ್ಟು ಓದ ಹತ್ತಿದರು. "ಮಾಲು ಐತಿ. ನಡುವ ಜಾಗ ಬಿಟ್ಟಾರ. ಇದು ತಿಂಗಳು... ಮುಂದ ಬಂದೈತಿ. ಇದು ವರ್ಷ, ಹಿಂದ ಹೋಗೈತಿ. ಇಪ್ಪತ್ತೈದು. ಬಾಲ ಕಡದಾರ." ಎರಡು ಸಾಲುಗಳ ನಡುವೆ ಬೆರಳು ತಡೆಯಿತು. ಮಾರ್ಚೋ, ಮೇಯೋ? ಕೊನೆಯ ಅಕ್ಷರ ನೋಡಿಕೊಂಡು, ಮೇಲಿನದನ್ನು ಒತ್ತಿದರು.

ಮಾರ್ಚ್ ಹತ್ತಿಯ ದರ ಪರದೆಯ ಮೇಲೆ ಬಂದು ನಿಂತಿತು.

"ಹೌದೇನವ್ವ?" ಎಂದು ಮಾವ ನನ್ನನ್ನು ಕೇಳಿದರು.

"ಹೌದ್ರಿ ಅಜ್ಜಾರ!" ಎಂದೆ. ಇನ್ನು ತಡೆಯಲಾಗಲಿಲ್ಲ. "ಶನಿವಾರ-ರವಿವಾರದ ಸೂಟಿಯಾಗ ಕಂಪನ್ಯಾರು ಎಲ್ಲಾ ಬದಲಿ ಮಾಡ್ಯಾರ್ರಿ. ಅದನ್ನ ಹೇಳಾಕ ಸಿಂಧನೂರಿಂದ ಓಡಿ ಬಂದೀನಿ. ಯಾರೂ ಹೇಳಿಕೊಡಲಾರದ ತಗದಾರ. ನಿಮ್ಮ ಮಗನ್ನ ಕೇಳ್ರಿ, ಅವರಿಗೆ ಹಳೇದರೇ ಬರ್ತಿತ್ತೇನಂತ."

ಮೈದುನ ಫೋನು ನೋಡತೊಡಗಿದ. ಮಾವ ಅವನ ಕಡೆ ಒಮ್ಮೆ ನೋಡಿದರು.

"ಆತು. ಈಗ ಮಾರು," ಎಂದರು ಅಕ್ಕಾರಿಗೆ.

ಇನ್ನೊಂದು ಗುಂಡಿ ಒತ್ತಿದರೆ ಮುಗಿಯಿತು. ಕೀಲಿ ಅವರದು. ಅಕ್ಕಾರ ಬೆರಳು ಆ ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಅವರು ದರವನ್ನು ಓದಿದರು, ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದರು, ಕೈಯನ್ನು ಮಡಿಲಿಗೆ ತಂದುಕೊಂಡರು.

"ಇವತ್ತು ಮಾರಂಗಿಲ್ಲ ಮಾವಾರ."

ನನಗೆ ಕೂಗಬೇಕೆನ್ನಿಸಿತು. ಒತ್ತಬೇಕಲ್ಲ! ಒಂದೇ ಒಂದು ಲಾಟು, ಒತ್ತಿ ಕೈ ತೊಳೆದುಕೊಳ್ಳಬಾರದೇ?

"ಯಾಕ?" ಎಂದರು ಮಾವ. ದನಿಯಲ್ಲಿ ಸಿಟ್ಟೋ ಏನೋ ತಿಳಿಯಲಿಲ್ಲ. "ಮಾತು ಏನಾಗಿತ್ತು? ಸೌದಾ ಮಾಡಿ ತೋರಿಸ್ಬೇಕು ಅಂತ ಆಗಿತ್ತು."

"ಆಗಿತ್ರಿ. ಆದ್ರ ನಾ ಹತ್ತಿ ಕೊಂಡಿದ್ದಕ್ಕಿಂತ ಇದು ಕೆಳಗೈತಿ. ಸಂಕ್ರಾಂತಿಗೆ ಎಲ್ಲಾರ ಹತ್ತಿನೂ ಒಮ್ಮೆಲೆ ಬಂದೈತಿ, ಅದಕ್ಕ. ನನಗ ಮಾರಾಕ ಬರ್ತದಂತ ನಾಲ್ಕು ಮಂದಿಗೆ ತೋರ್ಸಾಕ ಹತ್ತಿ ಮಾರಿದ್ರ, ಆ ಹತ್ತಿ ಕೊಟ್ಟ ರೈತನಿಗೂ, ನಮ್ಮ ಜಿನ್ನಿಗೂ ನಾ ಏನು ಉತ್ತರ ಹೇಳ್ಲಿ? ಬೇಕಾದ್ರ ಲೀಜಿಗೆ ಕೊಡ್ರಿ. ಇವತ್ತು ಮಾರಂಗಿಲ್ಲ."

ಹೊರಗೆ ಜಿನ್ನಿನ ಮಿಷನ್ನು ಓಡುತ್ತಿತ್ತು. ಮುದುಕರು ಕೋಲಿನ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಗದ್ದ ಊರಿ, ಗೋಡೆಯ ಮೇಲಿದ್ದ ಮಗನ ಫೋಟೋದ ಕಡೆ ಬಹಳ ಹೊತ್ತು ನೋಡಿದರು.

"ಅವ ಇದ್ದಿದ್ರ ಮಾರಿಬಿಡ್ತಿದ್ದ," ಎಂದರು. "ನಾಲ್ಕು ಮಂದಿ ಮುಂದ ಮಾನ ಹೋಗ್ತದಂತ, ಇದಕ್ಕಿಂತ ಕೆಳಗಿದ್ರೂ ಮಾರಿಬಿಡ್ತಿದ್ದ. ಹಂಗ ಮಾಡೀನ ಎಷ್ಟೋ ಸಲ ರಾತ್ರೆಲ್ಲ ಎದಿ ತಿಕ್ಕೊಂಡು ಕುಂತಿರ್ತಿದ್ದ. ಆ ಎದೀನ ಅವನ್ನ ಕರಕೊಂಡು ಹೋತು."

ಅಕ್ಕಾರು ತಲೆ ತಗ್ಗಿಸಿದರು. ಅವರ ಭುಜ ಅಲುಗುತ್ತಿತ್ತು. ನಾನು ಪಕ್ಕಕ್ಕೆ ಸರಿದು ಕೂತೆ, ಅವರಿಗೆ ತಾಗುವಷ್ಟು.

ಮೈದುನನ ಫೋನು ರಿಂಗಾಯಿತು. ಲೀಜಿನವರದೇ ಇರಬೇಕು. ಅವನು ಅಪ್ಪನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ಫೋನು ಕಟ್ ಮಾಡಿ ಕಿಸೆಗೆ ಹಾಕಿಕೊಂಡ.

ಮಾವನವರು ನಡುವಿಗೆ ಸಿಕ್ಕಿಸಿದ್ದ ಕೀಲಿಗೊಂಚಲು ಬಿಚ್ಚಿದರು. ಆ ಮನೆಯಲ್ಲಿ ಮಾವ ಸೊಸೆಯ ಕೈಗೆ ನೇರ ಏನನ್ನೂ ಕೊಡುವುದಿಲ್ಲ, ನಡುವೆ ಎಲ್ಲಾದರೂ ಇಡುತ್ತಾರೆ, ಅವಳು ಎತ್ತಿಕೊಳ್ಳುತ್ತಾಳೆ. ನಡುವೆ ಇದ್ದುದು ಲ್ಯಾಪ್‌ಟಾಪ್. ಮುದುಕರು ಬಾಗಿ ಅದರ ಅಕ್ಷರಗಳ ಮೇಲೇ ಕೀಲಿಗೊಂಚಲು ಇಟ್ಟುಬಿಟ್ಟರು. ಅದರ ಭಾರಕ್ಕೆ ಪರದೆಯ ಮೇಲೆ ಒಂದೇ ಅಕ್ಷರ ಸಾಲುಗಟ್ಟಿ ಓಡಿತು, ಹಿಂದೆಯೇ ಕೆಂಪು ಪಟ್ಟಿ ಬಂತು, 'ಸಿಂಬಲ್ ಸಿಗಲಿಲ್ಲ'.

"ಏನಂತದ ಅದು?" ಎಂದರು ಮುದುಕರು, ಹೆದರಿ.

ಅಕ್ಕಾರು ಅಳುತ್ತಲೇ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಕೀಲಿ ಎತ್ತಿಕೊಂಡರು.

"ಏನಿಲ್ರಿ ಮಾವಾರ. ಅದಕ್ಕ ಈ ಹೆಸರು ಇನ್ನೂ ಗೊತ್ತಿಲ್ಲಂತ."